ಶರಾವತಿ ಸೀಮೆಯ ಮನೆಗಳಲ್ಲಿ ಹೈ-ಫೈ: ಕೇಳುಗರು ಕಟ್ಟಿದ ಯಂತ್ರಗಳ ಚರಿತ್ರೆ

ಹಾಡುವವರನ್ನು ಕುರಿತು ಕನ್ನಡ ಜಾನಪದ ಅಧ್ಯಯನ ಬಹಳ ಬರೆದಿದೆ. ಕೇಳುವವರನ್ನು ಕುರಿತು ಬರೆದಿರುವುದು ಅತ್ಯಲ್ಪ. ಕಥನಕಾರರ ಪರಂಪರೆ, ಭಾಗವತರ ಮಟ್ಟುಗಳು, ಮದ್ದಳೆ ಕಟ್ಟುವವರ ಕಸುಬು ಇವೆಲ್ಲ ನಮ್ಮ ಗ್ರಂಥಾಲಯಗಳಲ್ಲಿ ದಾಖಲಾಗಿವೆ. ಅದೇ ಹಾಡನ್ನು ಮನೆಯ ಜಗಲಿಯಲ್ಲಿ ಕುಳಿತು ಮತ್ತೆ ಮತ್ತೆ ಕೇಳಬೇಕೆಂಬ ಹಂಬಲದಿಂದ ತಾವೇ ಆಂಪ್ಲಿಫೈಯರಿಗೆ ಬೆಸುಗೆ ಹಾಕಿ, ತಾವೇ ಹಲಗೆ ಕೊಯ್ದು ಸ್ಪೀಕರ್ ಪೆಟ್ಟಿಗೆ ಜೋಡಿಸಿ, ವರ್ಷ ವರ್ಷವೂ ಅದನ್ನು ತಿದ್ದುತ್ತ ಬಂದವರು ಮಾತ್ರ ನಮ್ಮ ಅಧ್ಯಯನಗಳಲ್ಲಿ ಕಾಣಸಿಗುವುದು ಅಪರೂಪ. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಯಂತ್ರ ಬಂದಲ್ಲಿ ಜಾನಪದ ಮುಗಿಯಿತೆಂದು ನಮ್ಮ ಹಿಂದಿನವರಲ್ಲಿ ಅನೇಕರು ನಂಬಿದ್ದರು. ನಾವೂ ಬಹುಕಾಲ ಆ ನಂಬಿಕೆಯಲ್ಲಿಯೇ ಇದ್ದೆವು. ಪ್ರಸ್ತುತ ಲೇಖನವು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಮನೆಗಳಲ್ಲಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೂಪುಗೊಂಡ ಈ ಹವ್ಯಾಸವನ್ನು, ಲಿಂಗನಮಕ್ಕಿ ಜಲಾಶಯದ ಹಿನ್ನೆಲೆಯಲ್ಲಿ ನೋಡುವ ಒಂದು ಪ್ರಯತ್ನ.

'ಹೈ-ಫೈ' ಎಂಬ ಮಾತಿನ ಮೂಲಾರ್ಥ ಉನ್ನತ ನಿಷ್ಠೆ ಎಂದು. ಮುದ್ರಿತ ಧ್ವನಿಯು ಮೂಲಧ್ವನಿಗೆ ಎಷ್ಟು ನಿಷ್ಠವಾಗಿದೆ ಎಂಬುದು ಅದರ ಅಳತೆಗೋಲು. ಎರಡನೆಯ ಮಹಾಯುದ್ಧದ ನಂತರ ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಈ ಅಳತೆಗೋಲನ್ನು ಹಿಡಿದು ಮನೆಯಲ್ಲಿಯೇ ಯಂತ್ರ ಕಟ್ಟುವವರ ದೊಡ್ಡ ಸಮೂಹವೊಂದು ಹುಟ್ಟಿಕೊಂಡಿತು. 1947ರಲ್ಲಿ ಡಿ.ಟಿ.ಎನ್. ವಿಲಿಯಮ್‌ಸನ್ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಪ್ರಕಟಿಸಿದ ವಾಲ್ವ್ ಆಂಪ್ಲಿಫೈಯರಿನ ನಕ್ಷೆಯನ್ನು ನೋಡಿಕೊಂಡು ಹಲವು ದೇಶಗಳ ಹವ್ಯಾಸಿಗಳು ಅದನ್ನು ಕಟ್ಟಿದರು. ವಾರ್ಫ್‌ಡೇಲ್ ಸಂಸ್ಥೆಯ ಗಿಲ್ಬರ್ಟ್ ಬ್ರಿಗ್ಸ್ 1950ರ ದಶಕದಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ ಸಂಗೀತಗಾರರನ್ನೂ ಸ್ಪೀಕರುಗಳನ್ನೂ ಒಂದೇ ವೇದಿಕೆಯ ಮೇಲಿರಿಸಿ, ಎರಡರ ಧ್ವನಿಯನ್ನು ಹೋಲಿಸಿ ನೋಡಿರೆಂದು ಸಭಿಕರನ್ನು ಆಹ್ವಾನಿಸಿದರು. ಅಲ್ಲಿ ಮೂಲ ಯಾವುದೆಂಬ ಬಗ್ಗೆ ಸಂದೇಹವಿರಲಿಲ್ಲ. ಸಂಗೀತಸಭಾಂಗಣದಲ್ಲಿ ನುಡಿಯುವ ವಾದ್ಯವೇ ಮೂಲ. ಮಲೆನಾಡಿನ ಜಗಲಿಗೆ ಈ ಪ್ರಶ್ನೆಯನ್ನು ತಂದಾಗ ಉತ್ತರ ಅಷ್ಟು ಸುಲಭವಾಗಿ ದೊರೆಯುವುದಿಲ್ಲ. ನಿಷ್ಠೆ ಎಂದರೆ ಯಾವುದಕ್ಕೆ ನಿಷ್ಠೆ? ಈ ಪ್ರಶ್ನೆಗೆ ಮುಂದೆ ಮರಳಿ ಬರುವೆನು. ಅದಕ್ಕೂ ಮೊದಲು ವಿದ್ಯುತ್ತಿನ ಮಾತನ್ನು ಹೇಳಬೇಕು.

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊಸನಗರವನ್ನು ಹಾದು ಸಾಗರಕ್ಕೆ ಬರುತ್ತದೆ. ಜೋಗದ ಮೊದಲ ವಿದ್ಯುದಾಗಾರ 1948ರಲ್ಲಿ ಕಾರ್ಯಾರಂಭ ಮಾಡಿತು. ಅದಕ್ಕೆ ನೀರೂಡಿಸಲೆಂದು ಹಿರೇಭಾಸ್ಕರ ಕಟ್ಟೆಯನ್ನು ಕಟ್ಟಲಾಗಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಆ ಹಳೆಯ ಕಟ್ಟೆಯೇ ಹೊಸ ನೀರಿನೊಳಗೆ ಮುಳುಗಿತು. ಕಡುಬೇಸಿಗೆಯಲ್ಲಿ ನೀರಿಳಿದಾಗ ಅದು ಇಂದಿಗೂ ಮೇಲೆದ್ದು ಕಾಣುತ್ತದೆ. ಸಮುದ್ರಮಟ್ಟದಿಂದ 1819 ಅಡಿಯ ಪೂರ್ಣಮಟ್ಟ, ಸುಮಾರು 151 ಟಿಎಂಸಿ ಸಂಗ್ರಹ ಎಂದು ಎಂಜಿನಿಯರುಗಳ ದಾಖಲೆಗಳು ಹೇಳುತ್ತವೆ. ಆ ಮಟ್ಟದ ಕೆಳಗೆ ಗದ್ದೆ, ತೋಟ, ಗುಡಿ, ಮನೆಗಳಿದ್ದವು. ಮುಳುಗಡೆಯ ಸಂಕಟವನ್ನು ನಾ. ಡಿಸೋಜರು 'ಮುಳುಗಡೆ', 'ದ್ವೀಪ' ಕಾದಂಬರಿಗಳಲ್ಲಿ ಚಿತ್ರಿಸಿದ್ದಾರೆ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಇನ್ನೊಂದು ಸಂಗತಿ. ಇಲ್ಲಿ ಹುಟ್ಟಿದ ವಿದ್ಯುತ್ತು ಎತ್ತರದ ಗೋಪುರಗಳ ಮೇಲೆ ತಂತಿಯಲ್ಲಿ ಹರಿದು ರಾಜ್ಯದ ನಗರಗಳಿಗೂ ಕಾರ್ಖಾನೆಗಳಿಗೂ ಹೋಯಿತು. ಆ ಗೋಪುರಗಳ ಬುಡದಲ್ಲಿದ್ದ ಅನೇಕ ಹಳ್ಳಿಗಳು ದಶಕಗಳ ಕಾಲ ಚಿಮಣಿ ಬುಡ್ಡಿಯಲ್ಲಿಯೇ ಉಳಿದವು. ಹಿನ್ನೀರಿನಾಚೆಯ ಕರೂರು, ಬಾರಂಗಿ ಹೋಬಳಿಗಳ ಸ್ಥಿತಿ ಎಲ್ಲರಿಗೂ ತಿಳಿದದ್ದೇ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ಈ ಸೀಮೆಯವರು ಅಲಂಕಾರವಾಗಿ ಬಳಸುವುದಿಲ್ಲ.

ಕರ್ನಾಟಕದಲ್ಲಿ ಬಾನುಲಿಯ ಆರಂಭವೇ ಒಬ್ಬ ಹವ್ಯಾಸಿಯ ಮನೆಯಲ್ಲಾಯಿತೆಂಬುದನ್ನು ಇಲ್ಲಿ ನೆನೆಯಬೇಕು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆ 'ವಿಠಲ ವಿಹಾರ'ದಿಂದ ಪ್ರಸಾರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಆ ನಿಲಯದ್ದು. ಮುಂದೆ ಧಾರವಾಡ 1950ರಲ್ಲಿ, ಬೆಂಗಳೂರು 1955ರಲ್ಲಿ, ಭದ್ರಾವತಿ 1965ರಲ್ಲಿ ನಿಲಯಗಳನ್ನು ಪಡೆದವು. ಲಿಂಗನಮಕ್ಕಿ ತುಂಬಿದ ಮರುವರ್ಷವೇ ಭದ್ರಾವತಿ ನಿಲಯ ನುಡಿಯತೊಡಗಿದ್ದು ಕಾಕತಾಳೀಯವಾದರೂ ಈ ಸೀಮೆಯ ಕೇಳ್ಮೆಯ ಚರಿತ್ರೆಯಲ್ಲಿ ಎರಡೂ ಒಟ್ಟಿಗೇ ನಿಲ್ಲುತ್ತವೆ. ಕರೆಂಟಿಲ್ಲದ ಮನೆಯಲ್ಲಿ ವಾಲ್ವ್ ರೇಡಿಯೋ ನಡೆಯಬೇಕಾದರೆ ಆಮ್ಲ ತುಂಬಿದ ಭಾರದ ಬ್ಯಾಟರಿ ಬೇಕು. ಅದನ್ನು ಪೇಟೆಗೆ ಹೊತ್ತು ಚಾರ್ಜು ಮಾಡಿಸಿ ತರಬೇಕು. ಎರಡು ಅಡಿಕೆ ಮರಗಳ ನಡುವೆ ಏರಿಯಲ್ ತಂತಿ ಎಳೆಯಬೇಕು. ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಲೈಸೆನ್ಸಿನ ಹಣ ಕಟ್ಟಬೇಕು. ಇಷ್ಟು ಉಪಚಾರ ಬೇಡುವ ವಸ್ತುವನ್ನು ಮನೆಯಲ್ಲಿಟ್ಟುಕೊಂಡವನು ಅದರ ಒಳಗನ್ನು ತಿಳಿಯದೆ ಉಪಾಯವಿರಲಿಲ್ಲ. ಹವ್ಯಾಸದ ಬೇರು ಇರುವುದು ಈ ಅನಿವಾರ್ಯದಲ್ಲಿ.

ಆ ಪೆಟ್ಟಿಗೆ ಯಾರ ಜಗಲಿಯಲ್ಲಿತ್ತು ಎಂಬುದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಕಾಗೋಡು ಸತ್ಯಾಗ್ರಹ ನಡೆದ (1951) ತಾಲ್ಲೂಕು ಇದು. ಒಡೆಯರ ಜಗಲಿಯ ರೇಡಿಯೋವನ್ನು ಗೇಣಿದಾರರು ಅಂಗಳದಲ್ಲಿ ನಿಂತು ಕೇಳಿದ ಕಾಲವನ್ನು ಕಂಡವರು ಈಚಿನವರೆಗೂ ನಮ್ಮ ನಡುವೆ ಇದ್ದರು. 1974ರ ಭೂಸುಧಾರಣೆ ಜಾರಿಗೆ ಬಂದ ಕಾಲಕ್ಕೇ ಟ್ರಾನ್ಸಿಸ್ಟರ್ ಅಗ್ಗವಾಯಿತು. ಕೇಳುವ ಹಕ್ಕು ಜಗಲಿಯಿಂದ ಅಂಗಳಕ್ಕೆ ಇಳಿಯಿತು. ಆದರೂ ಆಂಪ್ಲಿಫೈಯರ್ ಕಟ್ಟುವ ಮಟ್ಟಿಗಿನ ಬಿಡುವೂ ಕೈಯಲ್ಲಿ ಹಣವೂ ಬಹುಕಾಲ ಅಡಿಕೆ ತೋಟವಿದ್ದ ಮನೆಗಳಲ್ಲಿ, ಶಾಲಾ ಮಾಸ್ತರರಲ್ಲಿ, ವಿದ್ಯುತ್ ಮಂಡಳಿ ಹಾಗೂ ವಿದ್ಯುದಾಗಾರಗಳ ನೌಕರರಲ್ಲಿ ಹೆಚ್ಚಾಗಿತ್ತೆಂಬುದನ್ನು ಒಪ್ಪಿಕೊಳ್ಳಬೇಕು. ಹೆಂಗಸರು ಬೆಸುಗೆಯ ಕಡ್ಡಿ ಹಿಡಿದದ್ದು ಅಪರೂಪ. ಆದರೆ ಪೆಟ್ಟಿಗೆ ಎಲ್ಲಿರಬೇಕು, ಎಷ್ಟು ಹೊತ್ತು ಎಷ್ಟು ಗಟ್ಟಿಯಾಗಿ ನುಡಿಯಬೇಕು ಎಂಬುದರಲ್ಲಿ ಅಡಿಗೆಮನೆಯ ಮಾತಿಗೆ ತೂಕವಿತ್ತು. ನಡುಮನೆಯ ಎರಡು ಸ್ಪೀಕರುಗಳಿಂದ ತಂತಿ ಎಳೆದು ಮೂರನೆಯದೊಂದನ್ನು ಅಡಿಗೆಮನೆಯ ಗೋಡೆಗೆ ತೂಗಿಸಿದ ಮನೆಗಳನ್ನು ನಾನು ಕಂಡಿದ್ದೇನೆ. ಸ್ಟೀರಿಯೋ ಶಾಸ್ತ್ರಕ್ಕೆ ಅದು ಒಪ್ಪದಿದ್ದರೂ ಮನೆಯ ಶಾಸ್ತ್ರಕ್ಕೆ ಒಪ್ಪುತ್ತದೆ.

ಬಿಡಿಭಾಗಗಳ ಸಂಗತಿಗೆ ಬಂದರೆ, 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ 1960ರ ದಶಕದಿಂದ ವಾಲ್ವುಗಳನ್ನೂ ಟ್ರಾನ್ಸಿಸ್ಟರುಗಳನ್ನೂ ತಯಾರಿಸತೊಡಗಿದ ಮೇಲೆ ಹವ್ಯಾಸಿಗಳ ಕೈಗೆ ದೇಶೀಯ ಸಾಮಗ್ರಿ ದೊರೆಯಿತು. ಅದು ಮಾರುತ್ತಿದ್ದುದು ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲಿ, ಜನರ ಬಾಯಲ್ಲಿ ಎಸ್.ಪಿ. ರೋಡಿನಲ್ಲಿ. ಸಾಗರದಿಂದ ರಾತ್ರಿ ಬಸ್ಸು ಹತ್ತಿ ಹೋದವರು ಬೇರೆ ಕೆಲಸದ ನಡುವೆ ಅರ್ಧ ದಿನವನ್ನು ಆ ರಸ್ತೆಗೆ ಮೀಸಲಿಡುತ್ತಿದ್ದರು. 1969ರಲ್ಲಿ ಆರಂಭವಾದ 'ಎಲೆಕ್ಟ್ರಾನಿಕ್ಸ್ ಫಾರ್ ಯು' ಪತ್ರಿಕೆಯ ನಕ್ಷೆಗಳು ಕೈಯಿಂದ ಕೈಗೆ ಹೋಗಿ ಮಡಿಕೆಯಲ್ಲಿ ಹರಿದುಹೋಗುತ್ತಿದ್ದವು. ಟಿಬಿಎ810 ಎಂಬ ಐಸಿ, 2ಎನ್3055 ಎಂಬ ಪವರ್ ಟ್ರಾನ್ಸಿಸ್ಟರ್, ಆಮೇಲೆ ಸಾನ್ಯೋ ಕಂಪನಿಯ ಎಲ್‌ಎ4440 ಇವು ಈ ಹವ್ಯಾಸದ ಮನೆಮಾತುಗಳು. ಸಂಖ್ಯೆಗಳನ್ನು ಹೆಸರಿನಂತೆ ಉಚ್ಚರಿಸಿ, ಒಂದೊಂದಕ್ಕೂ ಒಂದೊಂದು ಸ್ವಭಾವವನ್ನು ಆರೋಪಿಸಿ ಮಾತಾಡುವ ಕ್ರಮವನ್ನು ನಾವು ಬೇರೆಡೆ, ಬತ್ತದ ತಳಿಗಳನ್ನು ಕುರಿತ ಮಾತಿನಲ್ಲಿ ಕೇಳಿದ್ದೇವೆ. ಕಲಿಕೆಯ ಇನ್ನೊಂದು ನೆಲೆ ಮೈಕ್‌ಸೆಟ್ಟಿನ ಅಂಗಡಿ. ಮದುವೆ, ಜಾತ್ರೆ, ಆಟಗಳಿಗೆ ಧ್ವನಿವರ್ಧಕ ಬಾಡಿಗೆಗೆ ಕೊಡುವ ಆ ಅಂಗಡಿಗಳಲ್ಲಿ ಸುಟ್ಟ ಕಾಯಿಲನ್ನು ಮತ್ತೆ ಸುತ್ತುವುದನ್ನು, ಹರಿದ ಕಾಗದದ ಕೋನನ್ನು ಅಂಟಿಸುವುದನ್ನು ಹುಡುಗರು ನೋಡಿ ಕಲಿತರು. ಗುರುವಿನ ಬಳಿ ಕುಳಿತು ಕಲಿಯುವ ಮೌಖಿಕ ವಿದ್ಯೆಯ ಲಕ್ಷಣಗಳೆಲ್ಲ ಇಲ್ಲಿವೆ.

ಸ್ಪೀಕರ್ ಪೆಟ್ಟಿಗೆಯ ವಿಚಾರದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಹೊಸ ವಿದ್ಯೆಯೂ ಹಳೆಯ ತಿಳಿವಳಿಕೆಯೂ ನೇರವಾಗಿ ಎದುರಾಗುವುದು ಅಲ್ಲಿಯೇ. ಬರಿಯ ಸ್ಪೀಕರನ್ನು ಮೇಜಿನ ಮೇಲಿಟ್ಟು ನುಡಿಸಿದರೆ ತಗ್ಗಿನ ಸ್ವರ ಕೇಳುವುದಿಲ್ಲ. ಕೋನಿನ ಮುಂದಣ ಗಾಳಿಯ ಅಲೆಯನ್ನು ಹಿಂದಣ ಅಲೆ ಬಂದು ಕೂಡಿ ಅಳಿಸಿಬಿಡುತ್ತದೆ. ಆದುದರಿಂದ ಹಿಂಬದಿಯನ್ನು ಮುಚ್ಚಬೇಕು. ಇದಕ್ಕೆ ಬಡವರು ಕಂಡುಕೊಂಡ ಉಪಾಯ ಮಡಕೆ. ಮಣ್ಣಿನ ಮಡಕೆಯ ಬಾಯಿಗೆ ಸ್ಪೀಕರನ್ನು ಕವುಚಿ ಇಟ್ಟರೆ ಧ್ವನಿ ತುಂಬಿ ಬರುತ್ತದೆಂಬುದು ಭಾರತದ ಹಲವೆಡೆ ರೂಢಿಯಲ್ಲಿದ್ದ ತಿಳಿವಳಿಕೆ. ಮಲೆನಾಡೂ ಅದಕ್ಕೆ ಹೊರತಲ್ಲ. ಇದು ಹಾಸ್ಯದ ಸಂಗತಿಯಲ್ಲ. ದುಂಡಗಿನ ಸುಟ್ಟ ಮಣ್ಣು ಬಿಗಿಯಾದದ್ದು, ತೆಳುಹಲಗೆಯಂತೆ ತಾನೇ ಕಂಪಿಸುವುದಿಲ್ಲ. ಅದಕ್ಕೆ ಎದುರುಬದುರು ಸಮಾನಾಂತರ ಗೋಡೆಗಳಿಲ್ಲ. ರೋಮನ್ ವಾಸ್ತುತಜ್ಞ ವಿಟ್ರೂವಿಯಸ್ ರಂಗಮಂದಿರಗಳಲ್ಲಿ ಧ್ವನಿಗಾಗಿ ಕಂಚಿನ ಪಾತ್ರೆಗಳನ್ನು ಇಡುವ ಕ್ರಮವನ್ನು ಬರೆದಿದ್ದಾನೆ. ಯುರೋಪಿನ ಮಧ್ಯಯುಗದ ಕೆಲವು ಚರ್ಚುಗಳ ಗೋಡೆಗಳಲ್ಲಿ ಹುದುಗಿಸಿದ ಮಡಕೆಗಳು ದೊರೆತಿವೆ. ಮಡಕೆಯ ದೋಷವೆಂದರೆ ಅದರ ಒಳಗಾಳಿಗೆ ತನ್ನದೇ ಆದ ಒಂದು ಸ್ವರವಿರುವುದು. ಘಟ ನುಡಿಸುವವರಿಗೆ ಅದು ಗುಣ, ಹೈ-ಫೈ ಕೇಳುವವರಿಗೆ ಅವಗುಣ.

ಪೆಟ್ಟಿಗೆಯ ಮರದ ಆಯ್ಕೆಯಲ್ಲಿಯೂ ಇದೇ ವಿರೋಧ ಕಾಣುತ್ತದೆ. ವಾದ್ಯಕ್ಕೆ ಮರ ಆರಿಸುವವನು ತಟ್ಟಿ ನೋಡಿ ಕಣಕಣಿಸುವ ಮರವನ್ನು ಆರಿಸುತ್ತಾನೆ. ಹಲಸಿನ ಮರಕ್ಕೆ ಇರುವ ಪ್ರತಿಷ್ಠೆ ಅದರಿಂದ. ಸ್ಪೀಕರ್ ಪೆಟ್ಟಿಗೆಗೆ ಬೇಕಾದದ್ದು ತಟ್ಟಿದರೆ ಮೂಕವಾಗಿರುವ ಮರ. ಮೊದಮೊದಲು ಹಲಸಿನ ಹಲಗೆಯಲ್ಲಿ ಪೆಟ್ಟಿಗೆ ಮಾಡಿಸಿದ ಹವ್ಯಾಸಿಗಳು, ತಮ್ಮ ಪೆಟ್ಟಿಗೆ ಎಲ್ಲ ಹಾಡಿಗೂ ಒಂದೇ ಸ್ವರವನ್ನು ಸೇರಿಸುತ್ತಿದೆಯೆಂದು ಕಂಡುಕೊಂಡರು. ಒಳಗೆ ಅಡ್ಡಪಟ್ಟಿ ಬಡಿದು, ಬೂರುಗದ ಹತ್ತಿ ತುಂಬಿ, ಕೊನೆಗೆ ಎರಡು ಪದರದ ಪ್ಲೈವುಡ್ಡಿಗೆ ಬಂದು ನಿಂತರು. ಬೂರುಗದ ಹತ್ತಿಯನ್ನು ಯಾವ ವಿದೇಶಿ ಕೈಪಿಡಿಯೂ ಹೇಳಿಕೊಟ್ಟಿರಲಾರದು. ನೆವಿಲ್ ಥೀಲ್ 1961ರಲ್ಲಿ, ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದಿಂದ ಪ್ರಕಟಿಸಿದ ಸೂತ್ರಗಳು ಸ್ಪೀಕರಿಗೆ ತಕ್ಕ ಪೆಟ್ಟಿಗೆಯ ಅಳತೆಯನ್ನು ಗಣಿತದಿಂದ ನಿರ್ಣಯಿಸುವುದನ್ನು ಕಲಿಸಿದವು. ಇಲ್ಲಿನವರು ಅದೇ ಅಳತೆಯ ಕಡೆಗೆ ಗರಗಸದಿಂದ, ಒಂದೊಂದು ಬೆರಳು ಕೊಯ್ಯುತ್ತ ಕೇಳುತ್ತ ಸಾಗಿದರು. ಎರಡು ದಾರಿಗಳೂ ಒಂದೇ ಕಡೆಗೆ ಮುಟ್ಟಿದುವೆಂದು ಹೇಳಲಾರೆ. ಗಣಿತದ ದಾರಿ ಹೆಚ್ಚು ಖಚಿತವಾದದ್ದು.

ಮನೆಯೂ ಮಳೆಯೂ ಈ ಯಂತ್ರದ ಭಾಗವೇ. ಹಂಚಿನ ಮಾಡು, ಮಣ್ಣಿನ ದಪ್ಪ ಗೋಡೆ, ಮೇಲೆ ಅಡಿಕೆ ಬತ್ತಗಳ ಮೂಟೆ ಪೇರಿಸಿದ ಅಟ್ಟ ಇವುಗಳಿರುವ ಕೋಣೆಯಲ್ಲಿ ಪ್ರತಿಧ್ವನಿ ಕಡಿಮೆ. ಕೇಳುವುದಕ್ಕೆ ಅದು ಬಹಳ ಒಳ್ಳೆಯ ಕೋಣೆ. ತಾರಸಿಮನೆಗೆ ಬಂದ ಮೇಲೆ ತಮ್ಮ ಹಳೆಯ ಪೆಟ್ಟಿಗೆ 'ಡಬ್ಬಿಯೊಳಗೆ ನುಡಿದಂತೆ' ಆಯಿತೆಂದು ದೂರುವವರ ಮಾತಿನಲ್ಲಿ ಹುರುಳಿದೆ. ಮಳೆಗಾಲದಲ್ಲಿ ಮಾತ್ರ ಹಂಚಿನ ಮೇಲಿನ ಸದ್ದು ಎಲ್ಲವನ್ನೂ ಮುಚ್ಚುತ್ತಿತ್ತು. ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆ ತೀರ್ಥಹಳ್ಳಿ ತಾಲ್ಲೂಕಿನದೇ. ಆ ತೇವದಲ್ಲಿ ಕೋನಿನ ಕಾಗದ ಉಬ್ಬಿ ಕಾಯಿಲು ಉಜ್ಜತೊಡಗುತ್ತದೆ, ಕ್ಯಾಸೆಟ್ಟಿನ ಟೇಪಿನ ಮೇಲೆ ಬಿಳಿಯ ಬೂಷ್ಟು ಬರುತ್ತದೆ. ನಮ್ಮ ಮನೆಯಲ್ಲಿ ಕ್ಯಾಸೆಟ್ಟುಗಳನ್ನು ಆಷಾಢ ಬರುವ ಮೊದಲೇ ಡಬ್ಬಕ್ಕೆ ತುಂಬಿ ಒಲೆಯ ಮೇಲಿನ ಅಟ್ಟಕ್ಕೆ ಏರಿಸುವುದು ಹಪ್ಪಳ ಸಂಡಿಗೆಗಳನ್ನು ಏರಿಸುವ ಕ್ರಮದಲ್ಲಿಯೇ ನಡೆಯುತ್ತಿತ್ತು. ಹೊಗೆ ಹಿಡಿದ ಆ ಪ್ಲಾಸ್ಟಿಕ್ಕಿನ ವಾಸನೆ ನನಗೆ ಈಗಲೂ ಯಕ್ಷಗಾನದ ವಾಸನೆ.

ಇನ್ನು ಏನನ್ನು ಕೇಳಿದರು ಎಂಬ ಪ್ರಶ್ನೆ. ಭದ್ರಾವತಿ ಆಕಾಶವಾಣಿ, ಸಿಲೋನ್ ರೇಡಿಯೋ, ಸಿನಿಮಾ ಹಾಡು, ಹಿಂದೂಸ್ತಾನಿ ಸಂಗೀತ ಇವು ಸರಿಯೇ. ಫಿಲಿಪ್ಸ್ ಸಂಸ್ಥೆ 1963ರಲ್ಲಿ ಹೊರತಂದ ಕ್ಯಾಸೆಟ್ಟು 1970ರ ದಶಕದ ಕೊನೆಗೆ ನಮ್ಮ ಹಳ್ಳಿಗಳಿಗೆ ತಲುಪಿತು. 1978ರ 'ನಿತ್ಯೋತ್ಸವ' ಕ್ಯಾಸೆಟ್ಟಿನಿಂದ ಭಾವಗೀತೆ ಮನೆಮನೆಯ ಮಾತಾಯಿತು. ಹೊಸನಗರದ ನಗರ ಹೋಬಳಿಯಿಂದ ಬಂದ ಶಿವಮೊಗ್ಗ ಸುಬ್ಬಣ್ಣನವರು 'ಕಾಡು ಕುದುರೆ' ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ಕಾಲವೂ ಅದೇ. ಆದರೆ ಈ ಸೀಮೆಯ ಹವ್ಯಾಸಿ ತನ್ನ ಯಂತ್ರವನ್ನು ಪರೀಕ್ಷಿಸಿದ್ದು ಯಕ್ಷಗಾನದಿಂದ. ಕಾಳಿಂಗ ನಾವಡರ ಪದ ಹೇಗೆ ಬರುತ್ತದೆ, ಚೆಂಡೆಯ ಪೆಟ್ಟು ಒಡೆಯುತ್ತದೆಯೇ, ಮದ್ದಳೆಯ ಎಡ ಬಲಗಳು ಬೇರೆ ಬೇರೆ ಕೇಳುತ್ತವೆಯೇ ಎಂಬುದೇ ಒರೆಗಲ್ಲು. ಚೆಂಡೆ ಒಂದು ಕಠಿಣ ಪರೀಕ್ಷೆ. ಕ್ಷಣಮಾತ್ರದಲ್ಲಿ ಏರಿ ಇಳಿಯುವ ಅದರ ಪೆಟ್ಟನ್ನು ಸಣ್ಣ ಆಂಪ್ಲಿಫೈಯರ್ ತಾಳಲಾರದು, ಧ್ವನಿ ಹರಿಯುತ್ತದೆ. ಪಾಶ್ಚಾತ್ಯ ಕೈಪಿಡಿಗಳು ಪಿಯಾನೋ ಮತ್ತು ತಂತಿವಾದ್ಯಗಳನ್ನು ಮುಂದಿಟ್ಟುಕೊಂಡು ಹೇಳಿದ ಮಾತುಗಳನ್ನು ಇಲ್ಲಿನವರು ಚೆಂಡೆಗೆ ತಿರುಗಿಸಿಕೊಂಡರು.

ಮೇಲೆ ಎತ್ತಿದ ನಿಷ್ಠೆಯ ಪ್ರಶ್ನೆಗೆ ಈಗ ಬರಬಹುದು. 1990ರಲ್ಲಿ ಅಕಾಲದಲ್ಲಿ ತೀರಿಕೊಂಡ ನಾವಡರ ಕಂಠವನ್ನು ಜನ ರಂಗಸ್ಥಳದ ಮುಂದೆ ಕುಳಿತು ಕೇಳಿದ್ದೂ ಮೈಕಿನ ಮೂಲಕವೇ. ಡೇರೆ ಮೇಳಗಳ ಕಾಲದ ಆಟವೆಂದರೆ ಜನರೇಟರಿನ ಗುಡುಗು, ಮರಕ್ಕೆ ಕಟ್ಟಿದ ಕಹಳೆಯಾಕಾರದ ಲೌಡ್‌ಸ್ಪೀಕರು, ಗದ್ದೆಯ ಬಯಲು, ರಾತ್ರಿಯ ಮಂಜು. ಮೂಲವೇ ಯಂತ್ರದ ಮೂಲಕ ಬಂದಾಗ ಪ್ರತಿ ಯಾವುದಕ್ಕೆ ನಿಷ್ಠವಾಗಿರಬೇಕು? ಬ್ರಿಗ್ಸ್ ಮಾಡಿದಂತಹ ಹೋಲಿಕೆ ಇಲ್ಲಿ ಅಸಾಧ್ಯ. ನನ್ನ ಅಭಿಪ್ರಾಯದಲ್ಲಿ ಈ ಸೀಮೆಯ ಹವ್ಯಾಸಿಗಳ ನಿಷ್ಠೆ ವಾದ್ಯಕ್ಕಲ್ಲ, ನೆನಪಿಗೆ. ಬೆಳಗಿನ ಜಾವ ಎರಡು ಗದ್ದೆಯಾಚೆಯಿಂದ ಕೇಳಿದ ಪದದ ನೆನಪನ್ನು ಯಂತ್ರ ಎಬ್ಬಿಸಿತೆಂದರೆ ಅದು ಒಳ್ಳೆಯ ಯಂತ್ರ. ಹೀಗಾಗಿಯೇ ಪೇಟೆಯ ತಜ್ಞರಿಗೆ ದೋಷವೆಂದು ಕಾಣುವ ತುಸು ಏರಿಸಿದ ನಡುಸ್ವರ, ಕಡಿಮೆ ಮಾಡಿದ ತಗ್ಗುಸ್ವರ ಇಲ್ಲಿ ರುಚಿಯಾಗಿ ನಿಂತಿತು. ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಅದೇ ಮನೆಯಲ್ಲಿ ಹಿಂದೂಸ್ತಾನಿ ಗಾಯನ ಹಾಕುವಾಗ ಟ್ರೆಬಲ್ಲಿನ ಗುಂಡಿಯನ್ನು ಬೇರೆ ಜಾಗಕ್ಕೆ ತಿರುಗಿಸುವುದನ್ನು ಕಂಡವರು ಹಾಗೆನ್ನಲಾರರು.

ಸುಧಾರಣೆಯೆಂಬುದು ಈ ಹವ್ಯಾಸದಲ್ಲಿ ಎಂದೂ ಮುಗಿಯದ ಕಾರ್ಯ. ಅಡಿಕೆ ಮಾರಿದ ವರ್ಷ ಹೊಸ ಟ್ರಾನ್ಸ್‌ಫಾರ್ಮರು, ಧಾರಣೆ ಬಿದ್ದ ವರ್ಷ ಬರಿಯ ಕೆಪಾ‌ಸಿಟರ್ ಬದಲಾವಣೆ. ಘಟ್ಟದ ಕೆಳಗಿನ ಭಟ್ಕಳದ ಪೇಟೆ ವಿದೇಶಿ ಸಾಮಾನಿಗೆ ಹೆಸರಾಗಿತ್ತು. ಜಪಾನಿನ ಡೆಕ್ಕುಗಳು ಅಲ್ಲಿಂದ ಘಟ್ಟ ಹತ್ತಿದವು. ಡೆಕ್ಕು ಹೊರಗಿನದು, ಆಂಪ್ಲಿಫೈಯರ್ ಮನೆಯದು, ಪೆಟ್ಟಿಗೆ ಊರಿನ ಆಚಾರಿಯದು ಎಂಬ ಜೋಡಣೆ ಸಾಮಾನ್ಯವಾಯಿತು. ತೆಗೆದುಹಾಕಿದ ಹಳೆಯ ಭಾಗ ತಮ್ಮನ ಮನೆಗೋ ಅಳಿಯನ ಮನೆಗೋ ಹೋಗುತ್ತಿತ್ತು.

ಈಗ ವಿದ್ಯುತ್ತಿಗೆ ಮರಳೋಣ. ಉದ್ದದ ಗ್ರಾಮೀಣ ತಂತಿಗಳ ಕೊನೆಯಲ್ಲಿರುವ ಮನೆಗಳಿಗೆ ಕರೆಂಟು ಬಂದ ಮೇಲೂ ಸಂಜೆಯ ವೋಲ್ಟೇಜು 230ರ ಹತ್ತಿರ ಸುಳಿಯುತ್ತಿರಲಿಲ್ಲ. ಅದಕ್ಕೆ ಸ್ಟೆಬಿಲೈಜರ್ ಇದೆ. ಮದ್ದಿಲ್ಲದ ದೋಷ ಇನ್ನೊಂದಿತ್ತು. ಅದು ಆವೃತ್ತಿ. ಸೆಕೆಂಡಿಗೆ 50 ಆವರ್ತವೆಂಬುದು ನಿಯಮವಾದರೂ ಬೇಡಿಕೆ ಉತ್ಪಾದನೆಯನ್ನು ಮೀರಿದಾಗ ದಕ್ಷಿಣದ ಜಾಲದ ಆವೃತ್ತಿ 49ಕ್ಕಿಂತಲೂ ಕೆಳಗಿಳಿಯುವುದು ಸಾಮಾನ್ಯವಾಗಿತ್ತು; 2003ರ ಜನವರಿಯಲ್ಲಿ ಹೊಸ ದರಪದ್ಧತಿ ದಕ್ಷಿಣ ವಲಯದಲ್ಲಿ ಜಾರಿಗೆ ಬಂದ ನಂತರವೇ ಅದು ಬಹುಮಟ್ಟಿಗೆ ಸ್ಥಿಮಿತಕ್ಕೆ ಬಂದದ್ದು. ಗ್ರಾಮಫೋನ್ ತಟ್ಟೆ ತಿರುಗಿಸುವ ಎ.ಸಿ. ಮೋಟಾರಿನ ವೇಗ ಈ ಆವೃತ್ತಿಯನ್ನೇ ಅನುಸರಿಸುತ್ತದೆ. 50 ಇದ್ದದ್ದು 48ಕ್ಕೆ ಇಳಿದರೆ ಹಾಡಿನ ಶ್ರುತಿ, ಹಾರ್ಮೋನಿಯಂನ ಒಂದು ಮನೆಯಿಂದ ಪಕ್ಕದ ಮನೆಗಿರುವ ಅಂತರದ ಮುಕ್ಕಾಲಿಗೆ ತುಸು ಕಡಿಮೆಯಷ್ಟು ಇಳಿಯುತ್ತದೆ. ಶ್ರುತಿಪೆಟ್ಟಿಗೆ ಹಿಡಿದು ಜೊತೆಗೆ ಹಾಡಿಕೊಳ್ಳುವವರಿಗೆ ಅದು ತಿಳಿಯದೆ ಇರಲಿಲ್ಲ. ಬ್ಯಾಟರಿಯ ಡಿ.ಸಿ. ಮೋಟಾರಿನ ಡೆಕ್ಕನ್ನು ಕರೆಂಟಿದ್ದ ಮನೆಯವರೂ ಮೆಚ್ಚಲು ಇದೊಂದು ಕಾರಣ. 12 ವೋಲ್ಟಿನ ಕಾರ್ ಬ್ಯಾಟರಿಯಲ್ಲಿ ನಡೆಯುವ ಎಲ್‌ಎ4440 ಎರಡು ಬದಿಗೂ ಆರಾರು ವ್ಯಾಟ್ ಕೊಡುತ್ತದೆ. ಬಯಲಿಗೆ ಸಾಲದು, ಜಗಲಿಗೆ ಯಥೇಷ್ಟ. ಕರೆಂಟಿಲ್ಲದ ಕಾಲದ ಬ್ಯಾಟರಿಯೇ ಹೀಗೆ ಕರೆಂಟಿದ್ದ ಕಾಲದ ಆಯ್ಕೆಯಾಯಿತು.

ಇದೇ ಯಂತ್ರಗಳು ಕೇಳಿಸುವುದನ್ನಷ್ಟೇ ಅಲ್ಲ, ಮುದ್ರಿಸುವುದನ್ನೂ ಮಾಡಿದವು. ಮಳೆಗಾಲದಲ್ಲಿ ಮನೆಗಳಲ್ಲಿ ನಡೆಯುವ ತಾಳಮದ್ದಳೆ, ದೀಪಾವಳಿಯ ರಾತ್ರಿ ದೀಪ ಹಿಡಿದು ಬರುವ ಅಂಟಿಗೆ-ಪಂಟಿಗೆಯವರ ಹಾಡು, ಮದುವೆಮನೆಯ ಹೆಂಗಸರ ಸಂಪ್ರದಾಯದ ಪದ ಇವುಗಳನ್ನು ಹವ್ಯಾಸಿಗಳು ತಮ್ಮ ಡೆಕ್ಕುಗಳಲ್ಲಿ ತುಂಬಿಸಿಟ್ಟರು. ಶೇಣಿ ಗೋಪಾಲಕೃಷ್ಣ ಭಟ್ಟರಂತಹವರ ಅರ್ಥಗಾರಿಕೆ ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಪ್ರತಿಯಾಗುತ್ತ ಮನೆಯಿಂದ ಮನೆಗೆ ಹೋಯಿತು. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ 1980ರ ದಶಕದಲ್ಲಿ ಆರಂಭವಾದ ಜನಪದ ರಂಗಕಲೆಗಳ ಪ್ರಾದೇಶಿಕ ಸಂಪನ್ಮೂಲ ಕೇಂದ್ರದಂತಹ ಸಂಸ್ಥೆಗಳು ಮಾಡಿದ ವ್ಯವಸ್ಥಿತ ದಾಖಲಾತಿಯ ಮಹತ್ವವನ್ನು ಕಡಿಮೆ ಮಾಡದೆ ಹೇಳುವುದಾದರೆ, ಸಂಸ್ಥೆಗಳು ಹೋಗದ ಊರುಗಳ, ಸಂಸ್ಥೆಗಳಿಗೆ ಹೆಸರು ತಿಳಿಯದ ಹಾಡುಗಾರರ ಧ್ವನಿ ಉಳಿದಿರುವುದು ಈ ಮನೆಯ ಕ್ಯಾಸೆಟ್ಟುಗಳಲ್ಲಿಯೇ. ಅವು ಇಂದು ಅಟ್ಟಗಳಲ್ಲಿ ಬೂಷ್ಟು ಹಿಡಿಯುತ್ತಿವೆ.

ಅವುಗಳನ್ನು ಕಂಪ್ಯೂಟರಿಗೆ ಏರಿಸಿದರೆ ಸಾಕೆಂಬ ಭಾವನೆ ಈಗ ಸಾರ್ವತ್ರಿಕವಾಗಿದೆ. ಸಾಲದು. ಟೇಪ್ ಡೆಕ್ಕಿನ ಹೆಡ್ಡಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸೀಳೊಂದಿದೆ. ಮುದ್ರಿಸುವಾಗ ಆ ಸೀಳು ಟೇಪಿಗೆ ಎಷ್ಟು ಓರೆಯಾಗಿತ್ತೋ ಕೇಳುವಾಗಲೂ ಅಷ್ಟೇ ಓರೆಯಾಗಿರಬೇಕು. ಡಿಗ್ರಿಯ ಸಣ್ಣ ಅಂಶದಷ್ಟು ತಪ್ಪಿದರೂ ಮೇಲಿನ ಸ್ವರಗಳು ಮಾಯವಾಗಿ, ತಾಳದ ಕಿಣಿ ಅಡಗಿ, ಮಾತಿನ 'ಸ'ಕಾರ 'ಶ'ಕಾರಗಳು ಮಸುಕಾಗುತ್ತವೆ. ಹೆಡ್ಡಿನ ಪಕ್ಕದ ಪುಟ್ಟ ತಿರುಪನ್ನು ತಿರುಗಿಸಿ ಇದನ್ನು ಸರಿಪಡಿಸಬಹುದು. ಪ್ರತಿ ಕ್ಯಾಸೆಟ್ಟಿಗೂ ಬೇರೆ ಬೇರೆಯಾಗಿ, ಕಿವಿಯಿಂದಲೇ ಮಾಡಬೇಕು. ಹೊಸನಗರದ ಕಡೆಯ ಮನೆಯೊಂದರಲ್ಲಿ ಎಪ್ಪತ್ತು ದಾಟಿದ ತೋಟಗಾರರೊಬ್ಬರು ಕಣ್ಣು ಮುಚ್ಚಿಕೊಂಡು, ಗಡಿಯಾರದವರ ಸ್ಕ್ರೂಡ್ರೈವರಿನಿಂದ ಆ ತಿರುಪನ್ನು ಕಾಲು ಸುತ್ತು ತಿರುಗಿಸಿ 'ಈಗ ಕೇಳಿ' ಎಂದಾಗ ಮುಸುಕಿನಿಂದ ಹೊರಬಂದಂತೆ ಮಾತು ತಿಳಿಯಾದುದನ್ನು ಕಂಡಿದ್ದೇನೆ. ಇದಕ್ಕೆ ಕೆಲವು ವರ್ಷಗಳ ಹಿಂದೆ ನಾನೇ ಸಂಗ್ರಹಿಸಿದ್ದ ಮೂವತ್ತಕ್ಕೂ ಹೆಚ್ಚು ಕ್ಯಾಸೆಟ್ಟುಗಳನ್ನು ಒಂದೆಡೆ ಪರಿವರ್ತನೆಗೆ ಕೊಟ್ಟಿದ್ದೆ. ಆ ತಿರುಪನ್ನು ಅಲ್ಲಿ ಯಾರೂ ಮುಟ್ಟಿರಲಿಲ್ಲ. ಪರಿವರ್ತನೆಯ ನಂತರ ಮೂಲ ಕ್ಯಾಸೆಟ್ಟುಗಳು ಮರಳಿ ಬರಲಿಲ್ಲ.

ವೇಗದ ಸಮಸ್ಯೆ ಸಂಶೋಧಕರನ್ನು ಇನ್ನಷ್ಟು ನೇರವಾಗಿ ತಟ್ಟುವಂಥದು. ಸೋತ ಸೆಲ್ಲುಗಳ ಮೇಲೆ ನಿಧಾನವಾಗಿ ಓಡುತ್ತಿದ್ದ ಟೇಪ್ ರೆಕಾರ್ಡರಿನಲ್ಲಿ ಮುದ್ರಿಸಿದ್ದು ಸರಿವೇಗದ ಯಂತ್ರದಲ್ಲಿ ಬೇಗನೆ, ಏರುಶ್ರುತಿಯಲ್ಲಿ ಕೇಳುತ್ತದೆ. ಅಂತಹ ಕ್ಯಾಸೆಟ್ಟನ್ನು ಆಧರಿಸಿ ಭಾಗವತರ ಶ್ರುತಿಯನ್ನೋ ಲಯವನ್ನೋ ನಿರ್ಣಯಿಸುವ ಪ್ರಬಂಧಗಳು ಯಂತ್ರದ ದೋಷವನ್ನು ಕಲಾವಿದರ ಶೈಲಿಯೆಂದು ಬರೆಯುವ ಅಪಾಯವಿದೆ. ಕರೆಂಟಿನಿಂದ ನಡೆದ ಯಂತ್ರವಾದರೆ ಒಂದು ಸುಳಿವು ಟೇಪಿನಲ್ಲಿಯೇ ಇರುತ್ತದೆ. ಹಾಡಿನ ಅಡಿಯಲ್ಲಿ ಸದಾ ಗುಂಯ್‌ಗುಡುವ 'ಹಮ್' ಎಂಬ ಸದ್ದು ವಿದ್ಯುತ್ ಜಾಲದ ಆವೃತ್ತಿಯದು, 50 ಅಥವಾ ಅದರ ಇಮ್ಮಡಿ 100. ಅದನ್ನು ಕಂಪ್ಯೂಟರಿನಲ್ಲಿ ಅಳೆದರೆ ಟೇಪಿನ ವೇಗ ಎಷ್ಟು ತಪ್ಪಿದೆಯೆಂದು ಲೆಕ್ಕ ಹಾಕಬಹುದು. ಆದರೆ ಆ ಸಂಜೆ ಜಾಲದ ಆವೃತ್ತಿಯೇ ಇಳಿದಿದ್ದರೆ ಲೆಕ್ಕದಲ್ಲಿ ಶೇಕಡಾ ಮೂರು ನಾಲ್ಕರಷ್ಟು ಸಂದೇಹ ಉಳಿಯುತ್ತದೆ. ಜೊತೆಗೆ ಶ್ರುತಿಪೆಟ್ಟಿಗೆಯ ಮನೆ ಯಾವುದೆಂದು ಹಾಡುಗಾರರಿಂದಲೋ ಮನೆಯವರಿಂದಲೋ ಕೇಳಿ ತಿಳಿದು ಎರಡನ್ನೂ ಹೊಂದಿಸಬೇಕು. ಹವ್ಯಾಸಿಗಳು ಅಳಿಸಲು ಜೀವಮಾನವೆಲ್ಲ ಹೆಣಗಿದ ಸದ್ದೇ ಇಂದು ನಮಗೆ ದಾಖಲೆಯಾಗಿದೆ.

ಕೆಲವು ಕ್ಯಾಸೆಟ್ಟುಗಳಲ್ಲಿ ಹಮ್ ಇಲ್ಲ. ಅದರ ಸ್ಥಳದಲ್ಲಿ, ಅರ್ಥಗಾರಿಕೆಯ ನಡುವಣ ಮೌನದಲ್ಲಿ, ಟೇಪಿನ ಸಹಜ ಸುಯ್ಲಿಗಿಂತ ಬೇರೆಯಾದ ಸುಂಯ್ ಎಂಬ ಸದ್ದೊಂದು ಕೇಳುತ್ತದೆ. ಅದು ಗ್ಯಾಸ್‌ಲೈಟಿನದು. ಬತ್ತಿ ಮಂಕಾದಾಗ ಯಾರೋ ಎದ್ದು ಪಂಪು ಹೊಡೆಯುವುದೂ ಮುದ್ರಣವಾಗಿದೆ. ಆ ಮನೆಗೆ ಆ ವರ್ಷ ಕರೆಂಟು ಬಂದಿರಲಿಲ್ಲವೆಂಬುದಕ್ಕೆ ಬಲವಾದ ಸಾಕ್ಷ್ಯ. ಅಲ್ಲಿಂದ ನೇರ ದಾರಿಯಲ್ಲಿ ಕೆಲವೇ ಮೈಲು ದೂರದಲ್ಲಿ ಟರ್ಬೈನುಗಳು ತಿರುಗುತ್ತಿದ್ದವು.

2025ರ ಜುಲೈಯಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ನಡುವಣ ಸೇತುವೆ ತೆರೆದ ಮೇಲೆ ಹಿನ್ನೀರಿನಾಚೆಯ ಊರುಗಳಿಗೆ ಲಾಂಚಿನಲ್ಲಿ ಸಾಮಾನು ಸಾಗಿಸುವ ಅನಿವಾರ್ಯ ಕೊನೆಗೊಂಡಿತು. ಈಗಿನ ಹವ್ಯಾಸಿಗಳು ಅಂಗೈಯಗಲದ ಕ್ಲಾಸ್-ಡಿ ಬೋರ್ಡುಗಳನ್ನು ಅಂಚೆಯಲ್ಲಿ ತರಿಸಿಕೊಂಡು ಸೌರಶಕ್ತಿಯ ಬ್ಯಾಟರಿಗೆ ಜೋಡಿಸುತ್ತಾರೆ. ಹಳೆಯ ಡೆಕ್ಕುಗಳು ಗುಜರಿಗೆ ಹೋಗುತ್ತಿವೆ. ಧ್ವನಿ ಸಂಗ್ರಹಗಾರರ ಅಂತರರಾಷ್ಟ್ರೀಯ ಸಂಘವು ಟೇಪುಗಳನ್ನು ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಪರಿವರ್ತಿಸುವಂತೆ ಶಿಫಾರಸು ಮಾಡುತ್ತದೆ. ಅದಕ್ಕೆ ಬೇಕಾದ ಉಪಕರಣವನ್ನು ಅಕಾಡೆಮಿಯೋ ವಿಶ್ವವಿದ್ಯಾಲಯವೋ ಕೊಳ್ಳಬಹುದು. ಆದರೆ ಕ್ಯಾಸೆಟ್ಟನ್ನು ಸಂಗ್ರಹಿಸುವವರು ಅದರೊಡನೆ ಯಾವ ಯಂತ್ರದಲ್ಲಿ ಮುದ್ರಿಸಿದ್ದು, ಸೆಲ್ಲೋ ಕರೆಂಟೋ, ಮೈಕು ಎಲ್ಲಿತ್ತು, ಮೂಲವೋ ಪ್ರತಿಯೋ, ಆ ಡೆಕ್ಕು ಈಗ ಎಲ್ಲಿದೆ ಎಂಬ ವಿವರಗಳನ್ನೂ ಬರೆದುಕೊಳ್ಳಬೇಕು. ಸಾಧ್ಯವಿದ್ದರೆ ಡೆಕ್ಕನ್ನೂ ತರಬೇಕು. ಅದರ ತಿರುಪನ್ನು ತಿರುಗಿಸಿದವರು ಇನ್ನೂ ಇದ್ದರೆ, ಪರಿವರ್ತನೆಯ ದಿನ ಅವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು.